ಬೆಕ್ಕಿನ ಉಗುರು, ಕಂಕುಳ ಗಂಟು

ಬೆಕ್ಕು ಪರಚುವುದು ನಿಲ್ಲುವುದಿಲ್ಲ. ಜನ ಹೆದರುವುದೂ ನಿಲ್ಲುವುದಿಲ್ಲ. ಪಶು ಆಸ್ಪತ್ರೆಯ ಕಾಂಪೌಂಡರ್ ಆಗಿ ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ಮೂರೂ ಕಡೆ ಇದ್ದೆ. ಮೂರೂ ಕಡೆ ಇದನ್ನೇ ಕಂಡೆ. ಹೆದರಿದವರಲ್ಲಿ ನಾನೂ ಒಬ್ಬ.

ಕೈ ಇಳಿಸದ ಗುಮಾಸ್ತರು

ತೊಂಬತ್ತರ ದಶಕದ ಶುರು. ಹೊಸದುರ್ಗ. ನಮ್ಮ ಪಕ್ಕದ ಮನೆಯಲ್ಲಿ ಸರ್ಕಾರಿ ಗುಮಾಸ್ತರೊಬ್ಬರಿದ್ದರು. ಅವರ ಮನೆಯಲ್ಲಿ ಒಂದು ಬೆಕ್ಕಿನ ಮರಿ. ಒಂದು ದಿನ ಅವರ ಬಲಗಂಕುಳಲ್ಲಿ ಗಂಟು ಎದ್ದಿತು. ಮುಟ್ಟಿದರೆ ನೋವು, ಸಂಜೆಯಾದರೆ ಜ್ವರ. ಕೈ ಇಳಿಸಿದರೆ ಜೀವ ಹೋದಂತಾಗುತ್ತಿತ್ತು. ಹಾಗಾಗಿ ಇಳಿಸುವುದನ್ನೇ ಬಿಟ್ಟರು. ಊಟ, ಕಚೇರಿ, ಸಂತೆ ಎಲ್ಲವೂ ಒಂದು ಕೈ ಎತ್ತಿಕೊಂಡೇ ನಡೆಯಿತು.

ಒಬ್ಬರು ಕ್ಷಯ ಅಂದರು. ಇನ್ನೊಬ್ಬರು ಅದಕ್ಕಿಂತ ಕೆಟ್ಟ ಹೆಸರು ಹೇಳಿದರು. ಗುಮಾಸ್ತರು ವಾರದಲ್ಲಿ ಅರ್ಧ ಆದರು. ಹೆಂಡತಿಯನ್ನು ಕರೆದು ಪೆಟ್ಟಿಗೆಯ ಬೀಗದ ಕೈಯನ್ನೂ ಕೊಟ್ಟುಬಿಟ್ಟರು.

ಕೊನೆಗೆ ಒಬ್ಬ ಹಿರಿಯ ಡಾಕ್ಟರು ಅವರ ಅಂಗೈ ತಿರುಗಿಸಿ ನೋಡಿದರು. ಬೆರಳ ಬುಡದಲ್ಲಿ ಒಣಗಿದ ಗೀರು, ಪಕ್ಕದಲ್ಲಿ ಸಣ್ಣ ಗುಳ್ಳೆ. ಮರಿ ಪರಚಿ ಹದಿನೈದು ದಿನವಾಗಿತ್ತು. ಇದು ಅದರದೇ ರೋಗ ಅಂದರು ಡಾಕ್ಟರು. ಒಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ರೋಗವನ್ನು ಬೆಕ್ಕಿನಿಂದ ಬೆಕ್ಕಿಗೆ ಚಿಗಟ ಒಯ್ಯುತ್ತದೆ. ಬೆಕ್ಕಿನಿಂದ ಮನುಷ್ಯನಿಗೆ ಉಗುರು ದಾಟಿಸುತ್ತದೆ. ಗಂಟು ಸಾಮಾನ್ಯವಾಗಿ ಕೆಲವು ವಾರಕ್ಕೆ ತಾನೇ ಇಳಿಯುತ್ತದೆ. ನಾನು ಜೊತೆಗೆ ಹೋಗಿದ್ದೆ. ಆ ಚಿತ್ರ ನನ್ನ ತಲೆಯಲ್ಲಿ ಉಳಿಯಿತು.

ಗಂಟು ಇಳಿಯಿತು. ಇಳಿಯುವವರೆಗೆ ಮಾತ್ರ ಅವರು ರಸ್ತೆ ಬದಿಗೆ ನಿಂತರೆ ಸಾಕು, ಬಂದ ಬಸ್ಸೆಲ್ಲ ನಿಲ್ಲುತ್ತಿತ್ತು. ಹತ್ತದಿದ್ದರೆ ಕಂಡಕ್ಟರ್ ಬೈಯುತ್ತಿದ್ದ. ಬೈಸಿಕೊಂಡು ಸಾಕಾಗಿ ಒಂದು ದಿನ ಹತ್ತಿಯೇಬಿಟ್ಟರು. ಸುಮ್ಮನೆ ಹೊಳಲ್ಕೆರೆಗೆ ಹೋಗಿ ಬಂದರು.

ಎರಡು ಚೀಲ

ಅಲ್ಲಿಂದ ನನಗೆ ಹಿರಿಯೂರಿಗೆ ವರ್ಗವಾಯಿತು. ಭಯವೂ ಜೊತೆಗೇ ಬಂತು. ಪ್ರಾಣಿಗಳ ನಡುವೆ ಇರುವವನಿಗೆ ಭಯವಿಲ್ಲ ಅಂತ ಜನ ತಿಳಿದಿದ್ದಾರೆ. ತಪ್ಪು. ಎತ್ತು ಒದೆಯುವುದು ಮೊದಲೇ ಗೊತ್ತಾಗುತ್ತದೆ. ಚಿಗಟ ಏನು ಮಾಡುತ್ತಿದೆ ಅಂತ ಗೊತ್ತಾಗುವುದಿಲ್ಲ.

ನನ್ನ ಹೆಂಡತಿ ಒಂದು ಬೆಕ್ಕು ಸಾಕಿದ್ದಳು. ಬಿಳಿ ಬೆಕ್ಕು, ಬಾಲ ಮಾತ್ರ ಕಪ್ಪು. ಮನೆಯಲ್ಲಿ ಇನ್ನು ಬೆಕ್ಕು ಕೂಡದು ಅಂದೆ.

ನಮ್ಮ ಕಡೆ ಬೇಡದ ಬೆಕ್ಕನ್ನು ಕೊಲ್ಲುವುದಿಲ್ಲ, ಪಾಪ ಬರುತ್ತದೆ. ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ದಾರಿಯ ಗುರುತು ಸಿಗದಷ್ಟು ದೂರದ ಊರಲ್ಲಿ ಬಿಟ್ಟು ಬರುತ್ತಾರೆ. ನಾನು ಐಮಂಗಲದ ಬಸ್ಸು ಹತ್ತಿದೆ. ಚೀಲದಲ್ಲಿ ಏನು ಅಂತ ಕಂಡಕ್ಟರ್ ಕೇಳಿದ. ಕುಂಬಳಕಾಯಿ ಅಂದೆ. ಅಷ್ಟರಲ್ಲಿ ಅದು ಕೂಗಿತು. ಚೆನ್ನಾಗಿ ಬಲಿತೈತೆ ಬಿಡ್ರಿ ಅಂದು ಮುಂದೆ ಹೋದ.

ಐಮಂಗಲದಲ್ಲಿ ಇಳಿದು ಹೋಟೆಲಿನ ಹಿಂದಕ್ಕೆ ಹೋದೆ. ಅದೇ ಹೊತ್ತಿಗೆ ದುರ್ಗದ ಕಡೆಯ ಬಸ್ಸಿನಿಂದ ಇನ್ನೊಬ್ಬ ಇಳಿದು ಅಲ್ಲಿಗೇ ಬಂದ. ಅವನ ಕೈಯಲ್ಲೂ ಚೀಲ. ಅದೂ ಅಲುಗಾಡುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಇಬ್ಬರೂ ಚೀಲದ ಬಾಯಿ ಬಿಚ್ಚಿದೆವು.

ಅವನ ಮಗುವಿಗೆ ಅವನ ಬೆಕ್ಕು ಎರಡು ಸಲ ಪರಚಿತ್ತಂತೆ. ನಿಮ್ಮದು ಎಷ್ಟು ಸಲ ಅಂತ ಕೇಳಿದ. ನಮ್ಮದು ಇನ್ನೂ ಪರಚಿಲ್ಲ ಅಂದೆ.

"ಪರಚದೇ ಇರೋ ಬೆಕ್ಕನ್ನ ಯಾಕ್ರೀ ತಂದ್ರಿ?" ಅಂದ.

ಅವನು ನನ್ನ ಬೆಕ್ಕನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡ. ಇದು ನಮ್ಮನೆಗಿರಲಿ ಅಂದು ದುರ್ಗದ ಬಸ್ಸು ಹತ್ತಿದ. ಅವನ ಬೆಕ್ಕು ನನ್ನ ಕಾಲು ಸುತ್ತತೊಡಗಿತು. ನಾನು ಓಡಿ ಹಿರಿಯೂರು ಬಸ್ಸು ಹತ್ತಿದೆ. ಡಾಕ್ಟರು ಬರೆದ ಚಿತ್ರದಲ್ಲಿ ಚಿಗಟ ಇತ್ತು, ಉಗುರು ಇತ್ತು. ಚೀಲ ಹಿಡಿದ ನಾವಿಬ್ಬರು ಇರಲಿಲ್ಲ.

ಮನೆಗೆ ಬಂದೆ. ಖಾಲಿ ಚೀಲವನ್ನು ಹೆಂಡತಿ ನೋಡಿದಳು. ಎಂಟು ದಿನ ಸಾರಿಗೆ ಉಪ್ಪಿರಲಿಲ್ಲ. ಹಾಗೇ ಉಂಡೆ.

ಹದಿನಾಲ್ಕು

ಆಮೇಲೆ ಹೊಳಲ್ಕೆರೆ. ನಾಯಿ, ಬೆಕ್ಕು ಕಚ್ಚಿದರೆ ಪರಚಿದರೆ ಹುಚ್ಚುನಾಯಿ ರೋಗದ ಭಯಕ್ಕೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ಚುವುದು ಆಗಿನ್ನೂ ಇತ್ತು. ಹದಿನಾಲ್ಕು ಅಂದರೆ ಗಟ್ಟಿ ಗಂಡಸರೂ ಊರು ಬಿಡುತ್ತಿದ್ದರು.

ಬಿ.ದುರ್ಗದ ಕಡೆಯಿಂದ ಒಬ್ಬ ಕುರಿಗಾರ ಬಂದ. ಟಗರನ್ನು ಹೆಗಲ ಮೇಲೆ ಹೊತ್ತು ಬರುವ ಆಳು. ಅವತ್ತು ಟಗರು ಇರಲಿಲ್ಲ. ಒಂದು ಕುಕ್ಕೆ ತಂದಿದ್ದ, ಮೇಲೆ ಕಂಬಳಿ ಮುಚ್ಚಿದ್ದ. ಮೊಣಕೈ ತನಕ ಗೀರು. ಕುಕ್ಕೆಯೊಳಗೆ ಬೆಕ್ಕು. ಯಾರೋ ಅವನಿಗೆ ಹದಿನಾಲ್ಕರ ಲೆಕ್ಕ ಹೇಳಿ ಕಳಿಸಿದ್ದರು.

"ಡಾಕ್ಟ್ರೇ, ಇದಕ್ಕೆ ಹದಿನಾಲ್ಕು ಹಾಕ್ರಿ" ಅಂದ.

ಅದಕ್ಕಲ್ಲ, ನಿನಗೆ ಅಂದೆ. ಮನುಷ್ಯರ ಆಸ್ಪತ್ರೆಗೆ ಹೋಗು ಅಂದೆ. ಅವನು ಕುಕ್ಕೆಯ ಕಡೆ ಕೈ ತೋರಿಸಿದ.

"ತಪ್ಪು ಮಾಡಿದ್ದು ಅದು. ಚುಚ್ಚಿಸ್ಕಳೋದು ನಾನಾ? ಇದ್ಯಾವ ನ್ಯಾಯ?"

ಗೀರನ್ನು ಸೋಪು ಹಾಕಿ ತೊಳೆಸಿ, ಅಟೆಂಡರ್ ಜೊತೆ ಮಾಡಿ ಕಳಿಸಿದೆ. ಹದಿನಾಲ್ಕನ್ನೂ ಹಾಕಿಸಿಕೊಂಡ. ದಿನಾ ಹೋಗುವಾಗ ನಮ್ಮ ಆಸ್ಪತ್ರೆ ಮುಂದೆ ನಿಂತು ಅಂಗಿ ಎತ್ತಿ ಹೊಟ್ಟೆ ತೋರಿಸಿ, ಏನೂ ಹೇಳದೆ ಹೋಗುತ್ತಿದ್ದ. ಬೆಕ್ಕು ಚೆನ್ನಾಗಿಯೇ ಇತ್ತು. ಅದೇ ಅವನಿಗೆ ಹೆಚ್ಚು ಸಿಟ್ಟು.

ಕಟ್ಟಿಗೆ ಮನೆ

ಹೊಳಲ್ಕೆರೆಯಲ್ಲೇ ಎರಡು ವರ್ಷ ಕಳೆದಿತ್ತು. ಒಂದು ಬೆಳಗ್ಗೆ ಹೆಂಡತಿ ಕಾಫಿ ಇಟ್ಟು, ನಿಂತೇ ಇದ್ದಳು. ಏನು ಅಂದೆ. ಕಂಕುಳಲ್ಲಿ ಗಂಟು ಅಂದಳು. ಎಂಟು ದಿನ ಆಯಿತಂತೆ. ಮುಟ್ಟಿ ನೋಡಿದೆ. ನೆಲ್ಲಿಕಾಯಿಯಷ್ಟಿತ್ತು.

ಅವಳ ಅಕ್ಕ ಹೋದದ್ದು ಇಂಥದೇ ಗಂಟಿನಿಂದ. ಅದು ಇಬ್ಬರಿಗೂ ಗೊತ್ತಿತ್ತು. ನನಗೆ ಗುಮಾಸ್ತರ ಎತ್ತಿದ ಕೈ ನೆನಪಾಯಿತು. ಆದರೆ ಅವರ ಮನೆಯಲ್ಲಿ ಬೆಕ್ಕಿತ್ತು, ನಮ್ಮ ಮನೆಯಲ್ಲಿ ಇರಲಿಲ್ಲ. ಓಡಿಸಿದವನು ನಾನೇ. ಮನೆಯಲ್ಲೊಂದು ಬೆಕ್ಕಿರಬಾರದಿತ್ತೇ ಅಂತ ಅವತ್ತು ಮೊದಲ ಸಲ ಅನಿಸಿತು.

ಹೊಳಲ್ಕೆರೆಯಲ್ಲಿ ನೋಡಿದ ಡಾಕ್ಟರು ದುರ್ಗದ ಜಿಲ್ಲಾ ಆಸ್ಪತ್ರೆಗೆ ಬರೆದುಕೊಟ್ಟರು. ಬಸ್ಸಿನಲ್ಲಿ ಅವಳು ಕಿಟಕಿ ಕಡೆ ಕೂತಳು. ದುರ್ಗದ ಡಾಕ್ಟರಮ್ಮ ಎಲ್ಲ ನೋಡಿ ಕೇಳಿದರು, ಮನೆಯಲ್ಲಿ ಬೆಕ್ಕು ಇದೆಯೇ ಅಂತ.

"ಇಲ್ಲ. ನಾನು ಸೇರಿಸೋದಿಲ್ಲ" ಅಂದೆ.

ಹೆಂಡತಿ ನೆಲ ನೋಡಿದಳು. ಹಾಗಾದರೆ ಗಂಟು ಕೊಯ್ದು ಪರೀಕ್ಷೆಗೆ ಕಳಿಸಬೇಕು, ಗುರುವಾರ ಬನ್ನಿ ಅಂದರು ಡಾಕ್ಟರಮ್ಮ. ಮಧ್ಯೆ ಎರಡು ದಿನ. ಆ ಎರಡು ದಿನ ನಾನು ಆಸ್ಪತ್ರೆಯಲ್ಲಿ ಯಾವ ಹಸುವಿಗೆ ಏನು ಕೊಟ್ಟೆನೋ ಗೊತ್ತಿಲ್ಲ. ಸಾರಿಗೆ ಉಪ್ಪು ಸರಿಯಾಗಿತ್ತು. ಅದಕ್ಕೂ ಹೆದರಿದೆ.

ಗುರುವಾರ. ನರ್ಸ್ ಹಸಿರು ಬಟ್ಟೆ ತೊಡಿಸಿ ಬಳೆ ತೆಗೆಯಲು ಹೇಳಿದಳು. ಹೆಂಡತಿ ಒಂದೊಂದೇ ಬಳೆ ತೆಗೆದು ನನ್ನ ಕೈಗೆ ಕೊಟ್ಟಳು. ಕೊನೆಯದನ್ನು ಕೊಡುವಾಗ ಕೈ ಬಿಡಲಿಲ್ಲ.

"ಒಂದು ಮಾತು ಹೇಳಬೇಕು. ಬೈಯಬಾರ್ದು" ಅಂದಳು.

ಅವಳ ಅಕ್ಕನೂ ಹೀಗೆಯೇ ಎಲ್ಲರನ್ನೂ ಹತ್ತಿರ ಕರೆದು ಮಾತಾಡಿದ್ದಳು. ಹೇಳು ಅಂದೆ.

"ಹಿತ್ತಲ ಕಟ್ಟಿಗೆ ಮನೇಲಿ ಬೆಕ್ಕೈತೆ."

ಬೆಕ್ಕಾ ಅಂದೆ.

"ಮೂರು ಮರೀನೂ ಅವೆ" ಅಂದಳು.

ಡಾಕ್ಟರಮ್ಮ ಬಾಗಿಲಲ್ಲೇ ನಿಂತಿದ್ದರು. ಬಂದು ಇವಳ ಮುಂಗೈ ತಿರುಗಿಸಿದರು. ಬಳೆ ಇದ್ದ ಜಾಗದಲ್ಲಿ ನಾಲ್ಕು ಗೀರು, ಒಂದು ಗುಳ್ಳೆ. ಮೊನ್ನೆ ಯಾಕೆ ಹೇಳಲಿಲ್ಲ ಅಂತ ಗದರಿದರು.

"ಇವರು ಚೀಲ ತರ್ತಾರೆ" ಅಂದಳು.

ಕತ್ತಿಗೆ ಒಪ್ಪಿ ಮಲಗಲು ಬಂದವಳು ಚೀಲಕ್ಕೆ ಹೆದರಿದ್ದಳು. ನಾನು ಬಳೆ ಹಿಡಿದುಕೊಂಡು ಅಲ್ಲೇ ಬೆಂಚಿನ ಮೇಲೆ ಕುಳಿತೆ. ಎರಡು ತಿಂಗಳಿಂದ ಕಾಫಿ ನೀರಾಗಿತ್ತು. ನಾನು ದಿನಾ ಹಾಲು ಹಾಕುವವಳನ್ನು ಬೈಯುತ್ತಿದ್ದೆ.

ಡಾಕ್ಟರಮ್ಮ ಕೊಯ್ಯಲಿಲ್ಲ. ಸೂಜಿಯಲ್ಲಿ ಸ್ವಲ್ಪ ತೆಗೆದು ನೋಡಿದರು. ಕೆಟ್ಟದ್ದೇನೂ ಇರಲಿಲ್ಲ. ಮಾತ್ರೆ ಬರೆದರು, ಕಾಯಿರಿ ಅಂದರು. ತಿಂಗಳಾಗುವ ಹೊತ್ತಿಗೆ ಗಂಟು ಕರಗಿತು. ಬೆಕ್ಕನ್ನು ಓಡಿಸಬೇಕಿಲ್ಲ, ಅದರ ಚಿಗಟ ಓಡಿಸಿ, ಅದು ನಿಮ್ಮದೇ ಕೆಲಸ ಅಲ್ಲವೇ ಅಂತ ಡಾಕ್ಟರಮ್ಮ ಅವತ್ತೇ ನನ್ನನ್ನು ನೋಡಿ ಹೇಳಿದ್ದರು.

ಮರುದಿನ ಹೆಂಡತಿ ಬೆಕ್ಕನ್ನೂ ಮರಿಗಳನ್ನೂ ನಮ್ಮ ಪಶು ಆಸ್ಪತ್ರೆಗೆ ತಂದಳು. ಕುಕ್ಕೆಯಲ್ಲಿ ತಂದಳು, ಚೀಲದಲ್ಲಲ್ಲ. ಮನೆಯಲ್ಲೇ ನೋಡುತ್ತೇನೆ ಅಂದರೆ ಒಪ್ಪಿರಲಿಲ್ಲ. ನಾಲ್ಕು ಜನರ ಎದುರಿಗೆ ಆಗಲಿ ಅಂದಿದ್ದಳು. ಬಂದು ಸಾಲಿನಲ್ಲಿ ನಿಂತಳು. ಅವಳ ಮುಂದೆ ಬಿ.ದುರ್ಗದ ಕುರಿಗಾರ, ಹೆಗಲ ಮೇಲೆ ಟಗರು.

ಅವನು ತಿರುಗಿ ಕುಕ್ಕೆ ನೋಡಿದ. ಯಾರಿಗಮ್ಮಾ ಪರಚಿದ್ದು ಅಂತ ಕೇಳಿದ. ನನಗೇ ಅಂದಳು. ಅಮ್ಮಾರು ಯಾರು ಅಂತ ಅಟೆಂಡರನ್ನು ಕೇಳಿದ. ಅಟೆಂಡರ್ ನನ್ನ ಕಡೆ ಕೈ ತೋರಿಸಿದ.

ನಾನು ತಲೆ ಎತ್ತಲಿಲ್ಲ. ತಾಯಿ ಬೆಕ್ಕಿಗೆ ಚಿಗಟದ ಪೌಡರ್ ಹಾಕಿದೆ. ಎರಡು ಮರಿಗಳ ಮೈ ಬಾಚಿದೆ. ಮೂರನೆಯದು ನನ್ನ ಮುಂಗೈಗೆ ಉದ್ದಕ್ಕೆ ಗೀರಿತು. ನಾನು ಎಲ್ಲ ಬಿಟ್ಟು ನಲ್ಲಿಗೆ ಓಡಿ, ಸೋಪು ಹಚ್ಚಿ ತೊಳೆದೆ. ಮತ್ತೆ ತೊಳೆದೆ. ಕಂಕುಳನ್ನೂ ಒಮ್ಮೆ ಮುಟ್ಟಿ ನೋಡಿಕೊಂಡೆ.

ಕುರಿಗಾರ ಟಗರು ಇಳಿಸಿ ಹತ್ತಿರ ಬಂದ. ಅಂಗಿ ಎತ್ತಿ ಹೊಟ್ಟೆ ತೋರಿಸಿದ.

"ಮದ್ದು ಬೆಕ್ಕಿಗೆ ಹಾಕ್ರಿ ಅಂತ ನಾನು ಅವತ್ತೇ ಹೇಳಿದ್ದೆ ಡಾಕ್ಟ್ರೇ" ಅಂದ. "ನಂಗೆ ಪರಚಿದ್ರೆ ಹೊಕ್ಕುಳಿಗೆ ಹದಿನಾಲ್ಕು. ನಿಮ್ಮನೆಯೋರಿಗೆ ಪರಚಿದ್ರೆ ಬೆಕ್ಕಿಗೆ ಪೌಡ್ರು."