ಪೂಜೆಗೆ ಕುಂತ ಪಾನಾ

ಈ ಸಂಗತಿಗಳನ್ನು ನನಗೆ ಮೊದಲು ಹೇಳಿದವರು ಇಳಕಲ್ಲಿನಲ್ಲಿ ಸೀರೆ ವ್ಯಾಪಾರ ಮಾಡುತ್ತಿದ್ದ ನನ್ನ ಸೋದರಮಾವ. ಎಂಬತ್ತರ ದಶಕದ ಮಾತು. ಮಾವನವರ ಹತ್ತಿರ ಒಂದು ಹಳೆಯ ಕಾರಿತ್ತು, ಆ ಕಾರಿಗೆ ಕಾಯಂ ಒಬ್ಬ ಮಿಸ್ತ್ರಿ ಇದ್ದ. ಇವೆರಡೂ ಒಂದೇ ಮನುಷ್ಯನ ಪಾಲಿಗೆ ಬಂದರೆ ಇಂಥವು ನಡೆಯುತ್ತಲೇ ಇರುತ್ತವೆ.

೧. ಚಟ

ಒಮ್ಮೆ ಮಿಸ್ತ್ರಿ ಎಂಜಿನ್ ಬಿಚ್ಚಿ ಕಟ್ಟಿಕೊಟ್ಟ. ಅಂದಿನಿಂದ ಕಾರು ಹೊರಟರೆ ಮುಂದುಗಡೆ "ಟಣ್, ಟಣ್" ಎಂದು ಸಪ್ಪಳ. ಮಾವ ತಿರುಗಿ ಅವನ ಬಳಿ ಹೋದರು.

"ಅದು ಕಾರಿಂದಲ್ರಿ ಯಜಮಾನ್ರ. ಕಲ್ಲಿನ ಲಾರಿ ಅಡ್ಡ್ಯಾಡಿ ರಸ್ತಾ ಕೆಟ್ಟೇತಿ. ರಸ್ತಾದ ಸಪ್ಪಳ ಅದು" ಎಂದ ಮಿಸ್ತ್ರಿ.

ಮಾವ ಧೋತರ ಎತ್ತಿ ಕಟ್ಟಿದರು. ನಿಂತ ಕಾರನ್ನೇ ಎರಡೂ ಕೈಯಿಂದ ಹಿಡಿದು ಅಲುಗಾಡಿಸಿದರು. ಟಣ್ ಎಂದಿತು.

"ಈಗ ರಸ್ತಾ ಎಲ್ಲೈತಿ?"

ಮಿಸ್ತ್ರಿ ಕಾರಿನ ಮೇಲೆ ಕೈಯಾಡಿಸಿ, ಮರುಕದಿಂದ ಹೇಳಿದ: "ಚಟಾ ಹತ್ತೇತ್ರಿ ಪಾಪ."

೨. ಕಲಾಯಿ

ಮಾವನವರ ಮಗಳನ್ನು ಬಾದಾಮಿಗೆ ಕೊಟ್ಟಿತ್ತು. ಆಕೆಗೆ ಚೊಚ್ಚಲ ಬಸಿರು. ಹೆರಿಗೆಗೆ ತವರಿಗೆ ಕರೆತರಬೇಕೆಂದು ಮಾವ ಕಾರು ತೆಗೆದುಕೊಂಡು ಹೋದರು. ನಮ್ಮ ಗುಡೂರಿನ ಮೇಲೆ ಹಾದಾಗ ನಾನೂ ಆ ಸಪ್ಪಳ ಕೇಳಿದ್ದೇನೆ. ಒಳಗೆ ಏನಿದ್ದೀತು ಎಂದು ಬಹಳ ಹೊತ್ತು ಯೋಚಿಸಿದ್ದೇನೆ.

ಬೀಗರ ಓಣಿಯಲ್ಲಿ ಕಾರು ನಿಲ್ಲುವುದರೊಳಗೆ, ಟಣ್ ಟಣ್ ಕೇಳಿದ ಪಕ್ಕದ ಮನೆಯ ಮುದುಕಿ ಹಿತ್ತಾಳೆ ಕೊಡ, ಪಾತೇಲಿ ಎಲ್ಲ ಹೊರಗೆ ತಂದಿಟ್ಟಳು. ಮಾವನವರ ಬಿಳಿ ಧೋತರ, ಹಣೆಯ ವಿಭೂತಿ ನೋಡಿ, "ಏನಪಾ, ಇಷ್ಟ ಸ್ವಚ್ಛ ಅರಿವಿ ಹಾಕ್ಕೊಂಡು ಕಲಾಯಿ ಹ್ಯಾಂಗ ಮಾಡ್ತಿ?" ಎಂದು ಕೇಳಿದಳು.

ಬೀಗತಿ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದರು. "ಬಸರ ಹೆಣ್ಣಮಗಳನ್ನ ಈ ಡಬ್ಬಿನ್ಯಾಗ ಕಳಸಾಂಗಿಲ್ರಿ ಬೀಗರ. ಸಪ್ಪಳಾ ಬಿಡಿಸ್ಕೊಂಡು ಬರ್ರಿ, ಆಮ್ಯಾಲ ಮಗಳನ್ನ ಕರಕೊಂಡು ಹೋಗ್ರಿ."

ಒಳಗೆ ಗಂಟು ಕಟ್ಟಿಕೊಂಡು ಕುಳಿತಿದ್ದ ಮಗಳು ಕಣ್ಣೊರೆಸಿಕೊಂಡಳು. ಮಾವ ಬರಿಗೈಲಿ ತಿರುಗಿ ಬಂದರು. ಮುದುಕಿಯ ಪಾತೇಲಿಗಳು ಕಲಾಯಿ ಇಲ್ಲದೆ ಒಳಗೆ ಹೋದವು.

೩. ತಾಳ

ಮಿಸ್ತ್ರಿ ಮತ್ತೊಮ್ಮೆ ಬಾನೆಟ್ ಎತ್ತಿ, ಬಗ್ಗಿ, ಬೆವರು ಸುರಿಸಿ ಕೆಲಸ ಮಾಡಿದ. ಕಾರು ಹೊರಟಿತು. ಈಗ "ಟಣ್ ಟಕ್, ಟಣ್ ಟಕ್."

"ಲೇ, ಒಂದಿದ್ದದ್ದು ಎರಡಾತಲ್ಲೋ!"

"ಸುಧಾರಿಸೇತ್ರಿ ಯಜಮಾನ್ರ. ಮೊದಲ ಹ್ಯಾಂಗ ಬೇಕಾದಂಗ ಬಡೀತಿತ್ತು. ಈಗ ತಾಳಕ್ಕ ಬಂದೇತಿ."

ಮಾವ ಭಜನೆಯ ಮನುಷ್ಯ. ಸಿಟ್ಟಿನಲ್ಲೇ ಕಿವಿಗೊಟ್ಟು ಕೇಳಿದರು. ಖರೆ, ತಾಳ ತಪ್ಪಿರಲಿಲ್ಲ. ಹುನಗುಂದದವರೆಗೆ ಹಾಡಿಕೊಂಡೇ ಹೋಗಿ ಬಂದರಂತೆ.

೪. ಖಂಡೇ ಪೂಜೆ

ಮಹಾನವಮಿಗೆ ನಮ್ಮ ಕಡೆ ಖಂಡೇ ಪೂಜೆ. ಕಸುಬಿನ ಸಾಮಾನನ್ನೆಲ್ಲ ತೊಳೆದು ಪೂಜೆಗೆ ಇಡುತ್ತೇವೆ. ಬನ್ನಿ ಮುಡಿಯುವ ತನಕ ಅವನ್ನು ಮುಟ್ಟುವುದಿಲ್ಲ. ಪೂಜೆಯ ಹಿಂದಿನ ದಿನ ಮಿಸ್ತ್ರಿ ಮಾವನವರ ಮನೆಗೆ ಓಡಿ ಬಂದ.

"ಬಾನೆಟ್ ತಗೀರಿ ಯಜಮಾನ್ರ!"

ಕೈ ಹಾಕಿ ನಟ್ಟು ತಿರುವುವ ಒಂದು ಪಾನಾ, ತಂತಿ ಹಿಡಿಯುವ ಒಂದು ಪಕ್ಕಡ ಹೊರಗೆ ತೆಗೆದು ಕಣ್ಣಿಗೊತ್ತಿಕೊಂಡ. "ಪೂಜಿಗೆ ಒಂದೂ ಕಡಿಮಿ ಬೀಳಬಾರದು ನೋಡ್ರಿ."

"ಇಷ್ಟ ದಿನಾ ನಾ ಒದರಿದಾಗ ಯಾಕ ನೋಡಲಿಲ್ಲೋ?"

"ಆವಾಗ ಹಬ್ಬ ಇರಲಿಲ್ಲಲ್ರಿ!"

ಸಪ್ಪಳ ನಿಂತಿತು. ಮಾವ ಆ ಸಂತೋಷದಲ್ಲಿ ಅವನಿಗೆ ಒಂದು ತೆಂಗಿನಕಾಯಿಯನ್ನೂ ಕೊಟ್ಟು ಕಳಿಸಿದರು.

೫. ಗಂಟೆ

ಮರುದಿನ ಮಾವ ಬಾದಾಮಿಗೆಂದು ಹೊರಟರು. ಓಣಿ ದಾಟುವುದರೊಳಗೆ ಕಾರು ನಿಂತಿತು. ನೂಕಿಸಿಕೊಂಡು ಮಿಸ್ತ್ರಿಯ ಹತ್ತಿರ ಹೋದರು. ಅವನು ಇಣುಕಿ ನೋಡಿ ತಲೆ ಕೆರೆದುಕೊಂಡ. ಆ ಪಾನಾದ ಒಂದು ತುದಿ ಬಡಿಯುತ್ತಿದ್ದರೆ, ಇನ್ನೊಂದು ತುದಿ ಬ್ಯಾಟರಿಗೆ ಬೆಣೆಯಾಗಿ ಕೂತಿತ್ತಂತೆ. ತೆಗೆದ ಮೇಲೆ ಬ್ಯಾಟರಿ ವಾಲಿ ವೈರ್ ಕಳಚಿತ್ತು.

"ಒಂದು ಕಟಗಿ ತುಂಡು ಬಡಿಯೋ ಮಾರಾಯಾ."

"ಕೆತ್ತಾಕ ಉಳಿ ಬೇಕಲ್ರಿ. ಅದೂ ಪೂಜಿಗೆ ಕುಂತೈತಿ."

"ಹಂಗಾದ್ರ ಆ ಪಾನಾನ ಕೊಡು."

"ಪೂಜಿ ಮಾಡಿದ್ದನ್ನ ಹ್ಯಾಂಗ ಎಬ್ಬಸ್ಲಿ? ನೀವ ಹೇಳ್ರಿ."

ಮಾವನವರಿಗೂ ಎಬ್ಬಿಸೆನ್ನಲು ಬಾಯಿ ಬರಲಿಲ್ಲ. ಆದರೆ ಮಗಳು ಗಂಟು ಕಟ್ಟಿಕೊಂಡು ಕಾಯುತ್ತಿದ್ದಾಳೆ. ಹಬ್ಬಕ್ಕೂ ಹೋಗದಿದ್ದರೆ ಆಕೆಯ ಮುಖ ನೋಡುವುದು ಹೇಗೆ? ಕಡೆಗೆ ಮಿಸ್ತ್ರಿಯೇ ಎದ್ದ. ಪಾನಾವನ್ನು ಅದರ ಕುಂಕುಮ, ಚೆಂಡುಹೂವಿನ ಸಮೇತ ಎರಡೂ ಕೈಯಲ್ಲಿ ತಂದು ಬ್ಯಾಟರಿಯ ಪಕ್ಕಕ್ಕೆ ಕೂರಿಸಿ, ಊದಿನಕಡ್ಡಿ ಬೆಳಗಿದ.

"ಎಬ್ಬಿಸಿಲ್ರಿ, ಜಾಗಾ ಅಷ್ಟ ಬದಲಿ ಮಾಡೇನಿ. ಪೂಜಿ ಕಾರಿನ್ಯಾಗ ನಡದೈತಿ ಅಂತ ತಿಳ್ಕೊಳ್ರಿ."

ಕಾರು ಹೊರಟಿತು. ಬಾದಾಮಿಯ ತನಕ ಟಣ್, ಟಣ್.

ಬೀಗತಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದರು. "ಸಪ್ಪಳಾ ಬಿಡಿಸ್ಕೊಂಡು ಬರ್ರಿ ಅಂದಿದ್ನೆಲ್ರಿ ಬೀಗರ?"

ಮಾವ ಸುಳ್ಳು ಹೇಳುವವರಲ್ಲ. ಬಾನೆಟ್ ಎತ್ತಿ ತೋರಿಸಿದರು. ಒಳಗೆ ಕುಂಕುಮ, ಹೂವು, ಊದಿನಕಡ್ಡಿಯ ಬೂದಿ.

ಬೀಗತಿ ಕಾಲಿನ ಚಪ್ಪಲಿ ಬಿಟ್ಟರು, ತಲೆಯ ಮೇಲೆ ಸೆರಗು ಎಳೆದುಕೊಂಡರು. "ಅಯ್ಯ ಶಿವನ! ಒಳಗ ಪೂಜಿ ಐತಿ ಅಂತ ಮೊದಲ ಹೇಳಬಾರದನ್ರಿ? ಗಂಟಿಗೆ ನಾ ಸಪ್ಪಳಾ ಅಂದ್ನೆಲ್ಲ!"

ಆರತಿ ಬೆಳಗಿ, ಕಾಯಿ ಒಡೆದು, ಸೊಸೆಯ ಉಡಿ ತುಂಬಿ ಕಾರಿನಲ್ಲಿ ಕೂರಿಸಿದರು. ಹೊರಡುವಾಗ ಕಿಟಕಿಗೆ ಬಗ್ಗಿ ಮಾವನವರಿಗೆ ಕಟ್ಟುನಿಟ್ಟಾಗಿ ಹೇಳಿದರು: "ದಾರ್‍ಯಾಗ ಗಂಟಿ ನಿಲ್ಲದಂಗ ನೋಡ್ಕೊಂಡು ಹೋಗ್ರಿ ಮತ್ತ!"

ಕಾರು ಸಪ್ಪಳ ಮಾಡುತ್ತದೆಂದು ನಿಮ್ಮವರಲ್ಲಿ ಯಾರಾದರೂ ಕೊರಗುತ್ತಿದ್ದರೆ ಈ ಸಂಗತಿಯನ್ನು ಅವರಿಗೂ ಹೇಳಿ. ಅವರ ಮಿಸ್ತ್ರಿಯ ಕಿವಿಗೆ ಮಾತ್ರ ಬೀಳದಿರಲಿ.