ಪಟ್ಟಿಯಲ್ಲಿ ಮಕ್ಕಳು ಹೆಚ್ಚಾದದ್ದು

ಹುಣಸೂರು ಕಡೆಯ ಪಂಚಾಯಿತಿಯೊಂದರಲ್ಲಿ ನಾನು ಪುನರ್ವಸತಿ ಕಾರ್ಯಕರ್ತೆ. ಎಂದರೆ, ಅಂಗವಿಕಲರ ಮನೆಗೆ ಹೋಗಿ ಕಾರ್ಡು, ಮಾಸಾಶನಕ್ಕೆ ಅರ್ಜಿ ಬರೆಸುವವಳು. ಇದರಲ್ಲಿ ನಗುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ವಾರಕ್ಕೊಂದಾದರೂ ಇರುತ್ತದೆ. ನಗು ಬರುವುದು ಮಕ್ಕಳಿಂದಲ್ಲ, ದೊಡ್ಡವರಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

೧. ಜ್ವರ

ಒಬ್ಬ ಅಜ್ಜಿಗೆ ಏಳು ವರ್ಷದ ಮೊಮ್ಮಗಳು. ಕಿವಿ ಕೇಳುವುದಿಲ್ಲ ಎಂದು ಅಂಗನವಾಡಿಯವರು ಹೇಳಿದ್ದರು. ನಾನು ಹೋದಾಗಲೆಲ್ಲ ಅಜ್ಜಿ, "ಜ್ವರ ಕಣವ್ವ, ಮಲಗವ್ಳೆ" ಎನ್ನುತ್ತಿದ್ದರು. ಪಟ್ಟಿಗೆ ಹೆಸರು ಸೇರಿದರೆ ನಾಳೆ ಹುಡುಗಿಗೆ ಗಂಡು ಸಿಗುವುದಿಲ್ಲವೆಂಬ ಭಯ.

ಐದನೇ ಸಲ ಹೋದಾಗ ಜ್ವರದ ಹುಡುಗಿ ಮೇಕೆಮರಿ ಎತ್ತಿಕೊಂಡು ಅಂಗಳಕ್ಕೆ ಬಂದು, ಅಜ್ಜಿಗೆ ಬೆನ್ನು ಹಾಕಿ ನಿಂತಳು. "ಒಳಿಕೋಗೇ! ಒಳಿಕೋಗೇ!" ಎಂದು ಅಜ್ಜಿ ಕೂಗಿಯೇ ಕೂಗಿದರು. ಹುಡುಗಿ ಅಲ್ಲಾಡಲಿಲ್ಲ. ಅಂಗಳದ ಕೋಳಿಗಳೆಲ್ಲ ಒಳಗೆ ಹೋದವು.

"ಇನ್ನೇನು, ಬರ್ಕೊ ಬುಡವ್ವ" ಎಂದರು ಅಜ್ಜಿ.

೨. ಸೀಟು

ಕಿವಿಯ ಯಂತ್ರ ಬಂತು. ಕರೆದಾಗ ಹುಡುಗಿ ತಿರುಗಿ ನೋಡಿದಳು. ಆಮೇಲೆ ಅಜ್ಜಿಯನ್ನು ಹಿಡಿಯುವವರಿಲ್ಲ. ತಪಾಸಣಾ ಶಿಬಿರದ ವ್ಯಾನು ಬಂದರೆ ಅದರ ಬಾಗಿಲಲ್ಲಿ ಅವರೇ. ಯಾರ್ಯಾರ ಮನೆಯಲ್ಲಿ ಜ್ವರವಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. (ಇಲ್ಲಿ ಜ್ವರ ಎಂದರೆ ಮಗುವನ್ನು ಬಚ್ಚಿಡುವುದು.) ಅಷ್ಟೂ ಮಕ್ಕಳನ್ನು ಹತ್ತಿಸಿದರು.

ಒಬ್ಬ ತಾಯಿ ಗಟ್ಟಿಮುಟ್ಟಾದ ಮಗನನ್ನೂ ಹತ್ತಿಸಿ, "ನಮ್ಮವ್ನಿಗೂ ಏನಾರ ಸಿಕ್ತದಾ ನೋಡಜ್ಜಿ" ಎಂದಳು.

"ನೆನ್ನೆ ನಮ್ ಸೀಬೆಮರದ ತುದೀಲಿದ್ದ ಕಣೇ. ಇಳ್ಸು."

೩. ತನಿಖೆ

ಒಂದು ಹಾಳೆಯಿದ್ದ ಮಕ್ಕಳ ಪಟ್ಟಿ ಮೂರು ಹಾಳೆಯಾಯಿತು. ಅನುಮಾನ ಬಂದು ಮೇಲಿನ ಅಧಿಕಾರಿಯೊಬ್ಬರು ಅಜ್ಜಿಯ ಮನೆಗೇ ಬಂದರು. ಕಾರಣ ತಿಳಿಯುವವರೆಗೆ ಎಲ್ಲರ ಮಾಸಾಶನ ತಡೆಯುತ್ತೇನೆ ಎಂದರು. ಮೊಮ್ಮಗಳ ಯಂತ್ರಕ್ಕೆ ಬ್ಯಾಟರಿ ಬರುತ್ತಿದ್ದುದು ಆ ಹಣದಿಂದಲೇ.

"ಇಷ್ಟು ಮಕ್ಕಳು ಹೇಗೆ ಹೆಚ್ಚಾದರು?"

"ಮಕ್ಕಳು ಎಚ್ಚಾಗಿಲ್ಲ ಸ್ವಾಮಿ, ಬಚ್ಚಿಡೋರು ಕಮ್ಮಿಯಾಗವ್ರೆ" ಎಂದರು ಅಜ್ಜಿ.

ಅಧಿಕಾರಿ ಕಿವಿಗೆ ಕೈ ಒಡ್ಡಿ, "ಆಂ?" ಎಂದರು. ಅಜ್ಜಿ ಮತ್ತೆ ಹೇಳಿದರು. ಮತ್ತೆ "ಆಂ?" ಮೂರನೇ ಸಲ ಅಜ್ಜಿ ಕೂಗಿದರು. ಕೋಳಿಗಳು ಒಳಗೆ ಹೋದವು.

ಆಗ ಮೊಮ್ಮಗಳು ಮುಂದೆ ಬಂದು, ಅಜ್ಜಿಯ ಸೆರಗಿನಡಿ ಮುಖ ಮುಚ್ಚಿ, ಸೆರಗು ಸರಿಸಿ ಹೊರಗೆ ಬಂದು ತೋರಿಸಿದಳು. ಅಧಿಕಾರಿಗೆ ತಕ್ಷಣ ಅರ್ಥವಾಯಿತು. ಪಟ್ಟಿಗೆ ಸಹಿ ಹಾಕಿಕೊಟ್ಟು ಜೀಪಿನತ್ತ ನಡೆದರು.

"ಇವ್ರನ್ನೂ ಬರ್ಕೊಳವ್ವ, ಬುಧವಾರ ವ್ಯಾನಲ್ಲಿ ಸೀಟೈತೆ" ಎಂದರು ಅಜ್ಜಿ ನನಗೆ.

ಜೀಪಿನ ಡ್ರೈವರ್ ಗಾಬರಿಯಿಂದ ಓಡಿಬಂದ. "ಬ್ಯಾಡಿ ಕಣಜ್ಜಿ! ಸಾಯೇಬ್ರಿಗೆ ಏನೂ ಇಲ್ಲ. ಎಲ್ಡು ದಿನದಿಂದ ವಸಿ ಜ್ವರ."