ಇದು ಹೋದ ಸಲದ ಹೊಟ್ಟೆ

ನಮ್ಮ ಬೀದಿಯಲ್ಲಿ ಹೆಂಗಸಿನ ಮೈ ಒಂದಿಷ್ಟು ಬದಲಾದರೆ ಸಾಕು, ಅದು ಎಲ್ಲರ ಸೊತ್ತಾಗಿಬಿಡುತ್ತದೆ. ನನಗೆ ಬರೆದು ಅಭ್ಯಾಸವಿಲ್ಲ. ಆದ್ದರಿಂದ ಎಲ್ಲವನ್ನೂ ಬಿಡಿಸಿಯೇ ಹೇಳುತ್ತೇನೆ. ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗದೆ ಹೋಗಬಹುದು.

ಇದು ಸಾವಿರದ ಒಂಬೈನೂರ ಅರವತ್ತೆರಡು; ನಾನು ಹೇಳುತ್ತಿರುವುದು ಕೆಲವು ತಿಂಗಳ ಹಿಂದಿನ ಮಾತು. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆಗ ನನ್ನ ಮಗಳಿಗೆ ಎಂಟು ತಿಂಗಳು. ಹೆರಿಗೆಯಾದ ಮೇಲೆ ನನಗೆ ಟೈಫಾಯಿಡ್ ಬಂದು ಕೈ, ಕೆನ್ನೆ ಎಲ್ಲ ಸೊರಗಿದವು. ಹೊಟ್ಟೆ ಮಾತ್ರ ಸೊರಗಲಿಲ್ಲ. ಜೋತುಬಿದ್ದು ಹಾಗೇ ಉಳಿಯಿತು. ಅಷ್ಟರಲ್ಲಿ ಮೈದುನನ ಮದುವೆ ಗೊತ್ತಾಯಿತು. ನನಗೆ ಬೇಕಾಗಿದ್ದುದು ಒಂದೇ: ಇರುವ ಮೈಗೆ ಹಿಡಿಸುವ ಒಂದು ರೇಷ್ಮೆ ರವಿಕೆ.

ದರ್ಜಿ

ನಮ್ಮ ದರ್ಜಿ ಟೇಪನ್ನು ಕುತ್ತಿಗೆಯಿಂದ ತೆಗೆಯಲೇ ಇಲ್ಲ.

"ಈಗ ಅಳತೆ ಬೇಡಮ್ಮ. ಇಳಿದ ಮೇಲೆ ಬನ್ನಿ."

"ಏನು ಇಳೀಬೇಕು?"

ಅವನು ನನ್ನ ಸೊಂಟದ ಕಡೆ ನೋಡಿ ತಲೆ ತಗ್ಗಿಸಿದ. ನಾಚಿಕೆಯಂತೆ! ಮೈ ನನ್ನದು, ನಾಚಿಕೆ ಅವನಿಗೆ.

"ಊಟ ಸ್ವಲ್ಪ ಕಮ್ಮಿ ಮಾಡಿ. ಮದುವೆಗಿನ್ನೂ ಟೈಮಿದೆ."

ಯಜಮಾನರಿಗೆ ಹೇಳಿದರೆ, "ಸರಿಯಾಗೇ ಹೇಳಿದಾನೆ. ಬೆಲ್ಟು ಬಿಗಿಯಾಗಿ ಕಟ್ಕೊಳ್ತಿದೀಯ ತಾನೇ?" ಎಂದರು. ಬೆಲ್ಟು ಅಂದರೆ ಅತ್ತೆಯ ಹಳೇ ಸೀರೆ ಹರಿದು ಮಾಡಿದ ಉದ್ದನೆಯ ಬಟ್ಟೆ. ಬಾಣಂತಿಯ ಹೊಟ್ಟೆಗೆ ಸುತ್ತುವಂಥದ್ದು. ಬಾಣಂತನ ಮುಗಿದು ತಿಂಗಳುಗಳಾಗಿದ್ದರೂ ಅತ್ತೆ ದಿನಾ ಬೆಳಿಗ್ಗೆ ಗೋಣಿಚೀಲದ ಬಾಯಿ ಕಟ್ಟುವ ಹಾಗೆ ಅದನ್ನು ಎಳೆದು ಕಟ್ಟುತ್ತಿದ್ದರು.

ಬಳೆಯವಳು

ಅದೇ ದಿನ ಸಂಜೆ ಬಳೆಯವಳು ಬಂದಳು. ನನ್ನ ಕೈ ಹಿಡಿದು ಹಸಿರು ಬಳೆ ಏರಿಸಿದಳು. ಅವು ಮೊಣಕೈವರೆಗೂ ಸರಾಗವಾಗಿ ಹೋದವು. ಅವಳು ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿದಳು.

"ಏನಮ್ಮ, ಸೊಸೆಗೆ ಹೊಟ್ಟೆಗೆ ಹಾಕಲ್ವಾ?"

ಅತ್ತೆ ಕೆಂಡವಾದರು. "ಹಾಕದೇನು! ಹೊಟ್ಟೆ ನೋಡು ಅವಳದು!"

ದರ್ಜಿ ಹೊಟ್ಟೆ ನೋಡಿ ಊಟ ಕಮ್ಮಿ ಮಾಡಿ ಅಂದ. ಬಳೆಯವಳು ಕೈ ನೋಡಿ ಊಟ ಹಾಕಿ ಅಂದಳು. ಊಟ ಮಾಡುವವಳನ್ನು ಮಾತ್ರ ಯಾರೂ ಕೇಳಲಿಲ್ಲ.

ಕ್ಷೌರಿಕ

ಮದುವೆಗೆ ಹತ್ತು ದಿನವಿತ್ತು. ರವಿಕೆ ಬಟ್ಟೆ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಯಜಮಾನರು ಕ್ಷೌರಿಕನನ್ನು ಮನೆಗೇ ಕರೆಸಿ ಜಗಲಿಯ ಮೇಲೆ ಕೂತರು. ಬೆವರುಸಾಲೆ ಎದ್ದಿದ್ದರಿಂದ ಅಂದು ನಾನು ಹೊಟ್ಟೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಯಲ್ಲೇ ಹಿಡಿದುಕೊಂಡಿದ್ದೆ. ಇನ್ನೊಂದು ಕೈಯಲ್ಲಿ ಕಾಫಿ ಹಿಡಿದು ಹೊರಗೆ ಬಂದೆ. ಆ ಹೊತ್ತಿಗೆ ಎಡಗಡೆಯ ಕೂದಲು ಪೂರ್ತಿ ಇಳಿದಿತ್ತು. ಬಲಗಡೆಯದು ಹಾಗೇ ಇತ್ತು.

ಕ್ಷೌರಿಕ ನನ್ನನ್ನು ನೋಡಿದ. ಕತ್ತರಿ ನಿಂತಿತು. ಯಜಮಾನರ ಕೊರಳಿನ ಬಟ್ಟೆ ಎಳೆದು, ಒದರಿ, ತನ್ನ ಪೆಟ್ಟಿಗೆಗೆ ತುಂಬಿದ.

"ಮೊದಲೇ ಹೇಳಬಾರದಾ ಸ್ವಾಮಿ? ಪಾಪ ನನ್ನ ಕೈಗೆ ಸುತ್ಕೊಳ್ಳುತ್ತೆ."

ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹೆಂಡತಿ ಬಸುರಿಯಾಗಿ ತಿಂಗಳು ತುಂಬುತ್ತ ಬಂದಾಗ ಗಂಡನಾದವನು ಕ್ಷೌರ ಮಾಡಿಸಬಾರದು ಅಂತ ಒಂದು ಶಾಸ್ತ್ರ.

"ಅವಳು ಬಸುರಿಯಲ್ಲಪ್ಪ!" ಎಂದರು ಯಜಮಾನರು.

"ನನಗೂ ಆರು ಮಕ್ಕಳಿವೆ ಸ್ವಾಮಿ."

ಅತ್ತೆ ಒಳಗಿಂದ ಮಗಳನ್ನು ಎತ್ತಿಕೊಂಡು ಓಡಿಬಂದರು. "ನೋಡೋ! ಮಗು ಇಲ್ಲೇ ಇದೆ!"

"ಅದು ಹೋದ ಸಲದ್ದಮ್ಮ. ನಾನು ಹೇಳ್ತಿರೋದು ಈ ಸಲದ್ದು."

"ಹೊಟ್ಟೇನೂ ಹೋದ ಸಲದ್ದೇ ಕಣಯ್ಯಾ!" ಎಂದು ನಾನೇ ಕೂಗಿದೆ. ಅವನು ಕೇಳಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಗೇಟು ದಾಟಿದ.

ಯಜಮಾನರು ಅರ್ಧ ತಲೆಯಲ್ಲೇ ಬೀದಿಗೆ ಓಡಿದರು. ಎದುರುಮನೆ, ಪಕ್ಕದಮನೆ ಎಲ್ಲರೂ ಹೊರಬಂದರು.

"ಅವಳ ಹೊಟ್ಟೆ ಇರೋದೇ ಹಾಗೆ ಕಣಪ್ಪಾ! ಹಾಗೇ ಇರುತ್ತೆ! ಅದರಲ್ಲಿ ಏನೂ ತಪ್ಪಿಲ್ಲ! ಬಂದು ಮುಗಿಸು!"

ಎಂಟು ತಿಂಗಳಲ್ಲಿ ನನಗೆ ಒಂದು ಸಲವೂ ಹೇಳದ ಮಾತನ್ನು ಆ ಮಹಾನುಭಾವರು ಇಡೀ ಬೀದಿಗೆ ಕೇಳುವಂತೆ ಹೇಳಿದರು. ಹೇಳಿದ್ದು ನನಗೋಸ್ಕರವಲ್ಲ, ಬಲಗಡೆಯ ಕೂದಲಿಗೋಸ್ಕರ. ಆದರೂ ಹೇಳಿದರಲ್ಲ!

ಕ್ಷೌರಿಕ ಗೊಣಗುತ್ತ ವಾಪಸು ಬಂದ. ಅವನು ಪೆಟ್ಟಿಗೆಯ ಬಟ್ಟೆ ತೆಗೆಯುವ ಮೊದಲೇ, ನನ್ನ ಕೈಯಲ್ಲಿದ್ದುದನ್ನು ಯಜಮಾನರ ಕೊರಳಿಗೆ ನಾನೇ ಸುತ್ತಿದೆ. ಬಿಗಿಯಾಗಿ. ಅವರು ಒಂದು ಸಲ ಕೆಮ್ಮಿದರು.

"ಅಯ್ಯೋ, ಅದು ಹೊಟ್ಟೆಗೆ ಕಟ್ಟೋ ಬಟ್ಟೆ ಕಣೇ!" ಅತ್ತೆ ಬಾಯಿ ಬಾಯಿ ಬಡಿದುಕೊಂಡರು. ಕ್ಷೌರದ ಕೂದಲು ಬಿದ್ದ ಬಟ್ಟೆ ಮೈಲಿಗೆ, ಅದನ್ನು ಮತ್ತೆ ಮೈಗೆ ಸುತ್ತುವಂತಿಲ್ಲ. ನನಗೆ ಆ ಪಾಠ ಹೇಳಿಕೊಟ್ಟವರೂ ಅವರೇ.

ಮಾರನೆಯ ದಿನ ಯಜಮಾನರು ತಾವೇ ನನ್ನ ಜೊತೆ ದರ್ಜಿ ಅಂಗಡಿಗೆ ಬಂದು, "ಈಗಿರೋ ಅಳತೇನೇ ತಗೊಳ್ಳಿ" ಎಂದರು. ದರ್ಜಿ ಕೊನೆಗೂ ಕುತ್ತಿಗೆಯ ಟೇಪು ತೆಗೆದ.

ಮದುವೆಯಲ್ಲಿ ರವಿಕೆ ಚೆನ್ನಾಗಿ ಕೂತಿತು. ಹೊಟ್ಟೆಗೆ ಕಟ್ಟುತ್ತಿದ್ದ ಆ ಬಟ್ಟೆಯಲ್ಲಿ ಈಗ ಯಜಮಾನರ ಸೈಕಲ್ ಒರೆಸುತ್ತೇವೆ. ಹೊಟ್ಟೆ ಇದ್ದಲ್ಲೇ ಇದೆ. ಕ್ಷೌರಿಕ ಮಾತ್ರ ಇನ್ನೂ ನಂಬಿಲ್ಲ. ಮೊನ್ನೆ ದಾರಿಯಲ್ಲಿ ಸಿಕ್ಕಿ ಕೈಮುಗಿದು ಕೇಳಿದ: "ಅಮ್ಮಾ, ಗಂಡಾ ಹೆಣ್ಣಾ?"